ಅಜ್ಜಿಯ ಕಡೆಗಿದ್ದ ಫ್ಯಾನು

ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪಿನಿಂದ ಕಾದ ಧೂಳಿನ ವಾಸನೆ ಬಂತು. ಖಾಸಬಾಗದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ನಿಂತಂತಾಯಿತು.

ಅಪ್ಪ ಅಲ್ಲಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ, ಕನ್ನಡದಲ್ಲೂ ಮರಾಠಿಯಲ್ಲೂ. ಬೇಸಿಗೆಯಲ್ಲಿ ಲಗ್ನಗಳು ಶುರುವಾದರೆ ಸಾಕು, ಒಂದು ಗಣಪತಿ ಚಿತ್ರ ತೆರೆಯಲು ಆ ಯಂತ್ರ ತಿಣುಕುತ್ತಿತ್ತು. ಗಿರಾಕಿಗಳು ಕಾದು ಕಾದು ಎದ್ದುಹೋಗುತ್ತಿದ್ದರು. ಹೊಸ ಪ್ರೊಸೆಸರ್ ಹಾಕಿಸುವ ತಾಕತ್ತು ನಮಗಿರಲಿಲ್ಲ.

ರಿಪೇರಿ ಬಲ್ಲ ಕಾಕಾ, "ಹೊಸಾದು ಯಾಕಣ್ಣಾ? ಇದರದ ಸ್ಪೀಡ್ ಏರಸೂಣು. ಆದ್ರ ಭಾಳ ಕಾಯ್ತೈತಿ, ಗಾಳಿ ಹಚ್ಚಬೇಕು," ಎಂದ. ಒಳಗೆ ವೇಗ ಹೊಂದಿಸುವ ಜಂಪರ್ ಎಂಬ ಪುಟ್ಟ ಬಿರಡೆ ಬದಲಿಸಿ, ಕಂಪ್ಯೂಟರ್ ಡಬ್ಬಿಯ ಒಂದು ಬಾಜು ಕಳಚಿಟ್ಟು ಹೋದ.

ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನು. ಅದು ಅಜ್ಜಿಯ ಕಡೆ ತಿರುಗಿತ್ತು. ಖಾನಾಪುರದಿಂದ ಔಷಧಕ್ಕೆಂದು ಬಂದ ಅವಳು ಅದೇ ಪಡಸಾಲೆಯ ಮಂಚದಲ್ಲಿ ಮಲಗಿದ್ದಳು.

ಅಪ್ಪ ಫ್ಯಾನಿಗೆ ಕೈ ಹಾಕಿ ಅಲ್ಲೇ ನಿಂತ. ಅಜ್ಜಿಯೇ ಕಾಲ ಬಳಿಯ ಕೌದಿಯನ್ನು ಗದ್ದದ ತನಕ ಎಳೆದುಕೊಂಡಳು. "ಒಯ್ಯಪಾ ಅದನ್ನ. ನನಗ ಥಂಡಿ ಹತ್ತೈತಿ."

ಅಪ್ಪ ಒಯ್ದ. ಯಂತ್ರ ಓಡಿತು. ಪತ್ರಿಕೆಗಳು ಒಂದರ ಹಿಂದೊಂದು ಮುಗಿದವು. ಎಷ್ಟೋ ದಿನದ ಮೇಲೆ ಅಪ್ಪ ಸಿಳ್ಳೆ ಹಾಕಿದ. ಸಂಜೆ ಅಪ್ಪ ಅಜ್ಜಿಗೆ ಗುಳಿಗೆ ಕೊಡಲು ಹೋಗಿ ಕೌದಿ ಸರಿಸಿದರೆ, ಅದು ಬೆವರಿಗೆ ತೊಯ್ದು ಭಾರವಾಗಿತ್ತು.

"ಅವ್ವಾ, ಥಂಡಿ ಅಂದಿದ್ಯಲ್ಲಾ?"

"ಪತ್ರಿಕಿ ಎಲ್ಲಾ ಮುಗದುವೇನಪಾ?" ಎಂದಳು ಅಜ್ಜಿ.

ನನ್ನ ಲ್ಯಾಪ್‌ಟಾಪಿಗೆ ಒಳಗೇ ಫ್ಯಾನಿದೆ. ಅದು ಗರ್ರನೆ ತಿರುಗತೊಡಗಿದರೆ, ಎದ್ದುಹೋಗಿ ಯಾರದೋ ಕೌದಿ ಸರಿಸಿ ನೋಡಬೇಕು ಅನಿಸುತ್ತದೆ.