ಹಾಯಿಯ ಅಡಿಯಲ್ಲಿ

ಊರಿನವರೇ ಸೇರಿ ನಡೆಸುವ ಆ ಹಾಯಿದೋಣಿ ಶಾಲೆಯಲ್ಲಿ ಕಲಿಸುವವರು ಮೂವರು. ಒಬ್ಬರು ಸರಕು ಹಡಗುಗಳಲ್ಲಿ ಮೂವತ್ತು ವರ್ಷ ಸವೆಸಿ ಬಂದ ಕ್ಯಾಪ್ಟನ್. ಇನ್ನೊಬ್ಬರು ನಿವೃತ್ತ ಗಣಿತ ಮೇಷ್ಟ್ರು; ಗಾಳಿಗೂ ಕೋನ ಬರೆದು ತೋರಿಸುವವರು. ಮೂರನೆಯವಳು ದರ್ಜಿ. ಎಲ್ಲರ ಬಾಯಲ್ಲೂ ಅವಳು ಟೇಲರಮ್ಮ. ನೀರು ಕಂಡರೆ ಅವಳ ಜೀವ ಬಾಯಿಗೆ ಬರುತ್ತಿತ್ತು ಎಂಬುದು ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ.

ಅವಳು ಅಲ್ಲಿಗೆ ಬಂದದ್ದು ಹರಿದ ಹಾಯಿ ಹೊಲಿಯಲು. ಶೆಡ್ಡಿನ ಮೂಲೆಯಲ್ಲಿ ಉದ್ದನೆಯ ಮೇಜು, ದಪ್ಪ ಬಟ್ಟೆ ಹೊಲಿಯುವ ಮಿಷನ್ನು, ಮೇಣ ಹಚ್ಚಿದ ದಾರದ ಉಂಡೆಗಳು. ಕಿಟಕಿ ನೀರಿನ ಕಡೆಗಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಆದರೂ ಹರಿದ ಜಾಗ ನೋಡಿಯೇ ನಡೆದದ್ದನ್ನು ಹೇಳಿಬಿಡುವಳು. "ಜೋರು ಗಾಳೀಲಿ ಹಗ್ಗ ಬಿಡದೆ ಹಿಡ್ಕೊಂಡಿದ್ದಾರೆ ನೋಡಿ, ಪಾಪ ಬಟ್ಟೆ ಎಷ್ಟೂಂತ ತಡ್ಕೊಳ್ಳುತ್ತೆ?"

ಕ್ಯಾಪ್ಟನ್ ಬೆರಗಾಗುತ್ತಿದ್ದರು. "ದೋಣಿ ಹತ್ತದೇನೇ ಇಷ್ಟು ಗೊತ್ತು ನಿಮಗೆ. ಹತ್ತಿದ್ರೆ ನಮ್ಮ ಕೆಲಸಕ್ಕೇ ಕುತ್ತು."

"ಬೇಡಿ ಕ್ಯಾಪ್ಟನ್ರೇ. ಮಿಷನ್ ತುಳಿಯೋ ಕಾಲು ನಂದು. ನೆಲ ಬಿಟ್ರೆ ಆಗಲ್ಲ."

ಎರಡು ವರ್ಷ ಅವರು ಬೆನ್ನು ಬಿಡಲಿಲ್ಲ. ಕೊನೆಗೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹತ್ತಿದಳು. ಮೊದಲೆರಡು ದಿನ ದೋಣಿಯ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಮೂರನೆಯ ದಿನ ಗಾಳಿ ಒಮ್ಮೆಲೇ ತಿರುಗಿತು. ದೋಣಿ ಮಗುಚಿತು. ಅವಳು ನೀರಿಗೆ ಬಿದ್ದಳು. ಹಾಯಿ ಅವಳ ಮೇಲೆ ಬಿತ್ತು.

ಕಣ್ಣು ಬಿಟ್ಟರೆ ಎಲ್ಲೆಲ್ಲೂ ಹಾಲಿನಂಥ ಬಿಳುಪು. ಲೈಫ್ ಜಾಕೆಟ್ ಮೇಲಕ್ಕೆ ದೂಡುತ್ತಿದೆ, ಒದ್ದೆ ಬಟ್ಟೆ ಮುಖಕ್ಕೆ ಅಂಟಿ ಕೆಳಕ್ಕೆ ಒತ್ತುತ್ತಿದೆ. ಬಾಯಿ ತೆರೆದರೆ ನೀರು. ಯಾವ ಕಡೆಗೆ ಹೋದರೂ ಬಟ್ಟೆಯೇ. ಕೂಗಿದ್ದು ಅವಳ ಕಿವಿಗೇ ಕೇಳಲಿಲ್ಲ. ಕೈ ಪರಚುತ್ತಾ ಇದ್ದಾಗ ಬೆರಳಿಗೊಂದು ಉಬ್ಬು ತಗುಲಿತು. ಹೊಲಿಗೆ. ಅವಳೇ ಹಾಕಿದ ಜೋಡಿ ಹೊಲಿಗೆ. ಯೋಚಿಸಿ ಮಾಡಿದ್ದಲ್ಲ, ಬೆರಳು ತಾನಾಗಿಯೇ ಅದನ್ನು ಹಿಡಿದು ಹೊರಟಿತು. ಯಾವ ಹೊಲಿಗೆಯೂ ಎಲ್ಲೋ ಒಂದು ಕಡೆ ಅಂಚಿಗೆ ಮುಟ್ಟಲೇಬೇಕು. ಮುಟ್ಟಿತು. ಅವಳು ಗಾಳಿಗೆ ಬಂದಳು.

ಆಮೇಲೆ ಹನ್ನೊಂದು ದಿನ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ನೀರಿನ ಭಯ ನೀರಿನಲ್ಲೇ ಉಳಿದಿದ್ದರೆ ಸರಿಹೋಗುತ್ತಿತ್ತು. ಅದು ಮನೆಯೊಳಗೂ ಬಂದಿತ್ತು. ತಲೆಯ ಮೇಲಿಂದ ಅಂಗಿ ಎಳೆದುಕೊಳ್ಳುವಾಗ ಮುಖಕ್ಕೆ ಬಟ್ಟೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಬಟ್ಟೆಗೇ ಹೆದರಿದರೆ ದರ್ಜಿಯ ಬದುಕು ನಡೆಯುವುದು ಹೇಗೆ? ಹನ್ನೆರಡನೆಯ ದಿನ ಕ್ಯಾಪ್ಟನ್ ಮುಂದೆ ನಿಂತು, "ಎದೆಮಟ್ಟ ನೀರಲ್ಲಿ ಹಾಯಿ ಹಾಸಿ. ನಾನು ಅದರಡಿಗೆ ಹೋಗ್ಬೇಕು" ಎಂದಳು. ಆ ತಿಂಗಳೆಲ್ಲ ಹೋದಳು. ಭಯ ಕಡಿಮೆಯಾಗಲಿಲ್ಲ. ಭಯವಿದ್ದಾಗಲೂ ಕೈ ಕೆಲಸ ಮಾಡುತ್ತದೆ ಎನ್ನುವುದು ಮಾತ್ರ ಗೊತ್ತಾಯಿತು.

ನಾಲ್ಕು ವರ್ಷಕ್ಕೆ ಅವಳೇ ಕಲಿಸುವವಳಾದಳು. ಹೊಸಬರು ಬಂದರೆ ಮೊದಲ ದಿನ ಶೆಡ್ಡಿನ ನೆಲದ ಮೇಲೆ ಹಾಯಿ ಹಾಸಿ, ಕಣ್ಣು ಮುಚ್ಚಿ ಅದರಡಿ ತೆವಳಿ ಹೊರಬರಬೇಕು ಎನ್ನುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ತಂಗಿಯೂ ಸೇರಿದಳು. ಆಸ್ಪತ್ರೆಯಲ್ಲಿ ನರ್ಸು, ಹೆದರಿಕೆ ಎನ್ನುವುದೇ ಅರಿಯದವಳು.

"ಕಲಿಸೋಳು ನೀನೇ ಅಂದ್ಮೇಲೆ ನಂಗೇನು ಧಾಡಿ ಅಕ್ಕಾ?" ಎಂದು ನಕ್ಕು, ಹಾಯಿಯಡಿ ಅರ್ಧ ತೆವಳಿ ಎದ್ದುಬಿಟ್ಟಳು.

"ಪೂರ್ತಿ ಮಾಡೇ."

"ಆಯ್ತು ಬಿಡೇ, ಗೊತ್ತಾಯ್ತು. ಹೊಟ್ಟೇಲಿ ನೆಲ ಒರೆಸ್ತಾ ಇರ್ಲಾ?"

ಅಕ್ಕ ಒತ್ತಾಯಿಸಲಿಲ್ಲ.

ಎರಡನೆಯ ವಾರ, ಮಧ್ಯಾಹ್ನ. ತಂಗಿ ಮತ್ತು ಅಂಚೆ ಕಚೇರಿಯ ಗುಮಾಸ್ತನೊಬ್ಬ ಒಂದೇ ದೋಣಿಯಲ್ಲಿದ್ದರು. ಟೇಲರಮ್ಮ, ಕ್ಯಾಪ್ಟನ್ ಮೋಟಾರು ದೋಣಿಯಲ್ಲಿ ಹಿಂದೆ ಬರುತ್ತಿದ್ದರು. ನೀರಿನ ಮೇಲೆ ಗಾಳಿಯ ಕಪ್ಪು ನೆರಿಗೆಯೊಂದು ಓಡಿಬರುವುದನ್ನು ಟೇಲರಮ್ಮ ಕಂಡಳು. "ಹಗ್ಗ ಬಿಡೇ! ಬಿಡು!" ಎಂದು ಕಿರುಚುವಷ್ಟರಲ್ಲಿ ದೋಣಿ ಮಗುಚಿತ್ತು.

ಗುಮಾಸ್ತನ ತಲೆ ಮೇಲೆ ಬಂತು. ಇನ್ನೊಂದು ತಲೆ ಬರಲಿಲ್ಲ.

ಹಾಯಿಯ ನಡುವೆ ಒಂದು ಉಬ್ಬು ಎದ್ದು ಹೊರಳಾಡಿತು, ಕಂದನೊಂದು ಹೊದಿಕೆಯಡಿ ಒದ್ದಾಡುವ ಹಾಗೆ. ಆಮೇಲೆ ನಿಧಾನವಾಯಿತು. ಹೋಗಬೇಡ ಎಂದು ಟೇಲರಮ್ಮನ ಮೈಯೆಲ್ಲ ಕೂಗುತ್ತಿತ್ತು. ಕ್ಯಾಪ್ಟನ್ ಅಂಚು ಹಿಡಿದು ಎಳೆದರು. ನೀರು ಕುಡಿದ ಬಟ್ಟೆ ಮೇಲೇಳಲಿಲ್ಲ. ಅವಳು ಜಿಗಿದಳು. ಅಂಚೆತ್ತಿ ಒಳಗೆ ನುಗ್ಗಿದಳು.

ಮತ್ತದೇ ಬಿಳುಪು. ಒಂದು ಕೈಯಿಂದ ಬಟ್ಟೆಯನ್ನು ಮೇಲಕ್ಕೆ ದೂಡಿ, ಆ ಗುಡಾರದಷ್ಟು ಗಾಳಿಯಲ್ಲಿ ಉಸಿರೆಳೆದಳು. ಇನ್ನೊಂದು ಕೈಗೆ ಕೂದಲು ಸಿಕ್ಕಿತು. ತಂಗಿ ಅವಳ ಕುತ್ತಿಗೆಯನ್ನೇ ತಬ್ಬಿ ಅಮುಕಿದಳು. ಇಬ್ಬರೂ ಮುಳುಗಿದರು. ಎಳೆದರೆ ಬರುತ್ತಿಲ್ಲ, ತಂಗಿಯ ಪಾದಕ್ಕೆ ಹಗ್ಗ ಸುತ್ತಿತ್ತು. ಸೊಂಟದ ಚಾಕು ತೆಗೆಯಲು ಹೋದರೆ ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ಹಗ್ಗ ತುಂಡಾಯಿತು. ಆಮೇಲೆ ಹೊಲಿಗೆ ಹುಡುಕಿ, ತಂಗಿಯ ಜಾಕೆಟ್ ಹಿಡಿದು, ಅಂಚು ಸಿಗುವವರೆಗೂ ಎಳೆದುಕೊಂಡು ಹೋದಳು.

ಮೋಟಾರು ದೋಣಿಯ ತಳದಲ್ಲಿ ತಂಗಿ ಕಕ್ಕಿದಳು, ಕೆಮ್ಮಿದಳು, ಆಮೇಲೆ ಅತ್ತಳು. ಕ್ಯಾಪ್ಟನ್ ಅವಳ ಬೆನ್ನು ತಟ್ಟುತ್ತಿದ್ದರು.

ತನ್ನದೇ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿ ತಂಗಿ ಚೇತರಿಸಿಕೊಂಡಳು. ಮತ್ತೆ ದೋಣಿ ಹತ್ತಲಿಲ್ಲ. ಬಿಸಿ ನೀರಿನ ಲೋಟ ಹಿಡಿದು ಆಸ್ಪತ್ರೆಯ ಮಂಚದ ಮೇಲೆ ಕೂತವಳು ಕೇಳಿದಳು:

"ನಿಂಗೂ ಹೀಗೇ ಆಗಿತ್ತಂತೆ ಅಕ್ಕಾ, ಕ್ಯಾಪ್ಟನ್ ಹೇಳಿದ್ರು. ನೀನ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಗ್ತಿದ್ದೆ ನೀನು."

"ನಗ್ತಿದ್ದೆ," ಎಂದು ಒಪ್ಪಿಕೊಂಡಳು ತಂಗಿ. ಲೋಟ ಕೆಳಗಿಟ್ಟಳು. "ನಿನ್ನ ತಪ್ಪಲ್ಲ ಕಣೇ. ಅವತ್ತು ನಾನೇ ಅರ್ಧಕ್ಕೆ ಎದ್ದಿದ್ದು."

"ಏಳೋಕೆ ಬಿಟ್ಟಿದ್ದು ನಾನು."

ಸೋಮವಾರ ಆರು ಮಂದಿ ಹೊಸಬರು ದೋಣಿ ಕಟ್ಟುವ ದಕ್ಕೆಯ ಮೇಲೆ ಕಾಯುತ್ತಿದ್ದರು. ಗಾಳಿ ಬಿರುಸಾಗಿತ್ತು. ಮೇಷ್ಟ್ರು ಹೋಗಬಹುದು ಎಂದರು. ಟೇಲರಮ್ಮ ಆಗದು ಎಂದಳು.

"ರಜಾ ಹಾಕಿ ಬಂದಿದ್ದೀವಿ ಮೇಡಂ," ಎಂದು ಒಬ್ಬ ಗೊಣಗಿದ.

"ಕೂತ್ಕೊಳ್ಳಿ. ನಂಗೆ ಭಯ ಆಗ್ತಿದೆ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. ಆ ಮಾತನ್ನು ಹೊರಗೆ ಹೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಮೂರು ಗಂಟೆಗೆ ಗಾಳಿ ತಗ್ಗಿತು. ಅವಳು ಮೊದಲು ತಾನೊಬ್ಬಳೇ ಇಳಿದು, ಮೊಣಕಾಲು ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತಳು. ಕಾಲಿನ ನಡುಕ ನಿಲ್ಲುತ್ತದೇನೋ ಎಂದು ಕಾದಳು. ನಿಲ್ಲಲಿಲ್ಲ. ತಿರುಗಿ, ಒಬ್ಬೊಬ್ಬರಾಗಿ ಬನ್ನಿ ಎಂದು ಕೈ ಮಾಡಿದಳು.