ಅಂಗೈಯಲ್ಲಿ ಲಿಂಗ, ಯಂತ್ರದೊಳಗೆ ಅತ್ತೆ

“ಕೊರಳಲ್ಲಿರೋ ಬೆಳ್ಳಿ ತೆಗೀಬೇಕಮ್ಮ, ಇಲ್ಲಾಂದ್ರೆ ತಲೆ ಚಿತ್ರ ಸರಿಯಾಗಿ ಬರಲ್ಲ” ಎಂದು ಸ್ಕ್ಯಾನಿಂಗ್ ಕೋಣೆಯ ನರ್ಸ್ ಹೇಳಿದ್ದೇ ತಡ, ನಮ್ಮತ್ತೆ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. “ಬೇಕಾದ್ರೆ ಜೀವ ತೆಗೀರಿ, ಲಿಂಗ ಮಾತ್ರ ತೆಗಿಯಾಕೆ ಬಿಡಲ್ಲ!”

ಎಂಬತ್ತರ ದಶಕದ ಕೊನೆಯ ಮಾತು. ಅತ್ತೆಯ ಮರೆವಿಗೆ ಕಾರಣವೇನೆಂದು ತಿಳಿಯಲು ಹೊನ್ನಾಳಿಯಿಂದ ಬೆಂಗಳೂರಿಗೆ ಬಂದಿದ್ದೆವು. ಮೆದುಳಿನಲ್ಲಿ ಗಡ್ಡೆಯಿದ್ದೀತೆಂಬ ಭಯ ನಮಗೆ. ತಲೆ ಅಲುಗಿದರೆ ಚಿತ್ರ ಕೆಡುತ್ತದೆ ಎಂದಿದ್ದರು ಡಾಕ್ಟರು. ಅತ್ತೆಯೋ, ಮನೆಯಲ್ಲಿ ಒಂದು ಗಳಿಗೆಯೂ ಕೂತಲ್ಲಿ ಕೂರದವರು.

ನನಗೇನು ಹೊಳೆಯಿತೋ, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ತೆಗೆದಿಟ್ಟು, ಒಳಗಿನ ಲಿಂಗವನ್ನು ಮಾತ್ರ ಅವರ ಎಡ ಅಂಗೈಯಲ್ಲಿಟ್ಟೆ. ದಿನಾ ಪೂಜೆಗೆ ಕೂತಾಗಿನಂತೆಯೇ ಅತ್ತೆ ಯಂತ್ರದ ಹಲಗೆಯ ಮೇಲೆ ಮಲಗಿದಲ್ಲೇ ಸ್ತಬ್ಧರಾದರು. ಆ ದೊಡ್ಡ ಯಂತ್ರ ಎಷ್ಟು ಸದ್ದು ಮಾಡಿದರೂ ಮಿಸುಕಲಿಲ್ಲ.

“ಇಷ್ಟು ಚೆನ್ನಾಗಿ ಯಾರೂ ಮಲಗಲ್ಲ ಅಜ್ಜಿ!” ಎಂದು ನರ್ಸ್ ಬೆರಗಾದರೆ, ಅತ್ತೆ ಗದರಿಯೇಬಿಟ್ಟರು: “ಅಂಗೈಯಾಗೆ ಲಿಂಗ ಇಟ್ಕೊಂಡು ಹೆಂಗವ್ವಾ ಅಲ್ಲಾಡಾಕೆ ಆಗ್ತೈತೆ?”

ಗಡ್ಡೆ ಇರಲಿಲ್ಲ. ಮೆದುಳು ವಯಸ್ಸಿಗೆ ಮೀರಿ ಕುಗ್ಗಿದೆ, ಇದು ಮರೆವಿನ ಕಾಯಿಲೆಯೇ ಇರಬೇಕು ಎಂದು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, “ಇದ್ರಾಗೆ ನನ್ನ ಲಿಂಗ ಎಲ್ಲೈತ್ರೀ?” ಎಂದಾಗ ಡಾಕ್ಟರೂ ನಕ್ಕುಬಿಟ್ಟರು.

ಮುಂದೆ ಅವರು ನನ್ನ ಹೆಸರನ್ನೂ ಮರೆತರು. ಆದರೆ ದಿನಾ ಬೆಳಿಗ್ಗೆ ಸ್ನಾನವಾದ ಕೂಡಲೇ ಅವರ ಎಡ ಅಂಗೈ ಮಾತ್ರ ತಾನಾಗಿಯೇ ನನ್ನ ಮುಂದೆ ಚಾಚಿಕೊಳ್ಳುತ್ತಿತ್ತು.