ಓಡುವ ಬೆಲ್ಟಿಗೆ ರಾಳ

ಎಪ್ಪತ್ತರ ದಶಕದಲ್ಲಿ ನ್ಯಾಮತಿಯಲ್ಲಿ ನಾನು ಅಕ್ಕಿ ಗಿರಣಿ ಹಾಕಿದಾಗ ಇದ್ದ ಇಂಜಿನ್ ಡ್ರೈವರನನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಬೆಲ್ಟು ಜಾರಿದರೆ ಇಂಜಿನ್ ನಿಲ್ಲಿಸಿ, ಹಿಡಿತ ಬರಲೆಂದು ಅದಕ್ಕೆ ಅಂಟು ರಾಳ ಹಚ್ಚಬೇಕು. ಅವನು ಓಡುವ ಬೆಲ್ಟಿಗೇ ಬರಿಗೈಯಲ್ಲಿ ಹಚ್ಚುತ್ತಿದ್ದ. ಗದರಿಸಿದರೆ ಅಂಗೈಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತ, “ಏನೂ ಆಗಲ್ಲ ಬಿಡ್ರಿ ಸಾವ್ಕಾರ್ರೆ” ಎನ್ನುತ್ತಿದ್ದ.

ಅವನನ್ನು ಕೆಲಸದಿಂದ ಬಿಡಿಸಲು ಹೆದರಿಕೆ, ಆ ಹಳೇ ಇಂಜಿನ್ ಅವನೊಬ್ಬನ ಮಾತು ಕೇಳುತ್ತಿತ್ತು. ಬಿಡಿಸದಿರಲೂ ಹೆದರಿಕೆ, ಅಕ್ಕಿ ಕೇರುವ ಹೆಂಗಸರು ಬೆಲ್ಟಿನ ಪಕ್ಕದಲ್ಲೇ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಬೆಲ್ಟು ಅವನ ಹೆಗಲಿನ ಟವೆಲ್ಲನ್ನು ಎಳೆದುಕೊಂಡು ಚಿಂದಿಮಾಡಿ ಹೆಂಗಸರ ಮೊರಗಳ ಮೇಲೆ ಎಸೆಯಿತು.

“ಇವತ್ತು ಟವೆಲ್ ಹೋತು. ನಾಳೆ ನಮ್ಮ ಸೆರಗೇನಣ್ಣ?” ಎಂದಳು ಒಬ್ಬಳು.

ಆಳು ಬಿಡಿಸುವವರಿಗೆ ನಾನು ಹೇಳುವುದಿಷ್ಟೆ: ನಾಲ್ಕು ಜನರೆದುರು ಬಿಡಿಸಬೇಡಿ, ಮೊದಲು ಅವನ ಮಾತು ಕೇಳಿ. ಅವನನ್ನು ಒಳಗೆ ಕೂರಿಸಿ, ಇಂಜಿನ್ ಯಾಕೆ ನಿಲ್ಲಿಸುವುದಿಲ್ಲ ಎಂದು ಕೇಳಿದೆ.

“ಈ ಇಂಜಿನ್ ಕಾದ ಮೇಲೆ ಒಮ್ಮೆ ನಿಂತ್ರೆ ಮತ್ತೆ ಚಾಲೂ ಆಗಾಕೆ ಒಪ್ಪಲ್ರಿ. ಚಾಲೂ ಮಾಡಾಕೆ ಬರಲ್ಲ ಅಂತ ನೀವು ನನ್ನ ಬಿಡಿಸಿಬಿಟ್ರೆ?”

“ಮೊದ್ಲೇ ಹೇಳ್ಬಾರ್ದಿತ್ತೇನೋ?”

ಅವನು ಲುಂಗಿಗೆ ಅಂಗೈ ಒರೆಸಿಕೊಂಡ. ಎಷ್ಟೋ ಸಲ ಎಚ್ಚರಿಸಿದ್ದೆ, ಬಿಡಿಸಿದೆ.

ಮರುದಿನ ಹೊಸ ಡ್ರೈವರ್ ನಾನು ಹೇಳಿದಂತೆ ಇಂಜಿನ್ ನಿಲ್ಲಿಸಿ ರಾಳ ಹಚ್ಚಿದ. ಇಂಜಿನ್ ಮತ್ತೆ ಚಾಲೂ ಆಗಲಿಲ್ಲ. ಭತ್ತದ ಚೀಲಗಳ ಮೇಲೆ ಕೂತಿದ್ದ ಜನ ನನ್ನನ್ನೇ ನೋಡಿದರು.

“ಏನೂ ಆಗಲ್ಲ ಬಿಡ್ರಿ” ಎಂದೆ, ಅಂಗೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ. ನನ್ನ ಕೈಯಲ್ಲಿ ರಾಳವೇ ಇರಲಿಲ್ಲ.